ಅಯ್ಯನವರು ಅಂಟು ನೆಕ್ಕುವುದಿಲ್ಲ

ಕೊಲೆ ಮಾಡುವುದೇನೂ ದೊಡ್ಡ ಮಾತಲ್ಲ, ಕೊಲೆಯಾದವರ ತಕರಾರು ಕೇಳುವುದೇ ದೊಡ್ಡ ತಲೆನೋವು ಎಂದು ಶೈಲಜಾಗೆ ಗೊತ್ತಾಗಿದ್ದು ಧಾರಾವಾಹಿಯ ಹನ್ನೆರಡನೆಯ ಕಂತು ಅಚ್ಚಾದ ದಿನ. ರಾಯಚೂರಿನ ಸ್ಟೇಷನ್ ರಸ್ತೆಯ ತನ್ನ ಔಷಧಿ ಅಂಗಡಿಯ ಷಟರ್ ಎತ್ತಿ ಇನ್ನೂ ಊದಿನಕಡ್ಡಿ ಹಚ್ಚಿರಲಿಲ್ಲ, ದೇವದುರ್ಗದಿಂದ ಸೋದರಮಾವ ಮಹಾಂತಯ್ಯನವರ ಫೋನು ಬಂತು. ಆರಾಮ ಇದ್ದೀಯಾ ಎಂಬ ಮಾತಿಲ್ಲ, ಮಕ್ಕಳು ಹೇಗಿದ್ದಾರೆ ಎಂಬ ಮಾತಿಲ್ಲ.

"ನಾ ನೆಕ್ಕಂಗಿಲ್ಲ," ಎಂದರು ಮಾವ.

ಶೈಲಜಾಗೆ ಎರಡು ದಶಕಗಳಿಂದ ಎರಡು ಕಸುಬು. ಒಂದು, ಊರಿನವರಿಗೆ ಬಿಪಿ, ಶುಗರಿನ ಗುಳಿಗೆ ಕೊಡುವುದು. ಇನ್ನೊಂದು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೌಂಟರಿನ ಮೇಲೆ ಕಾಗದ ಹಾಸಿಕೊಂಡು ಜನರನ್ನು ಕೊಲ್ಲುವುದು. 'ಹೊಳೆಸಾಲು' ಎಂಬ ವಾರಪತ್ರಿಕೆಗೆ ಅವಳು ಪತ್ತೇದಾರಿ ಕಥೆ ಬರೆಯುತ್ತಿದ್ದಳು. ಈ ಸಲ ಹಿಡಿದಿದ್ದು ಅಂಚೆಚೀಟಿಯ ವಸ್ತು. ಹೆಸರು 'ನಾಲ್ಕು ಲಿಪಿಯ ಕೊಲೆ'. ನಿಜಾಮರ ಕಾಲದ ಅಂಚೆಚೀಟಿಗಳಲ್ಲಿ ಉಗುರಗಲದ ಜಾಗದೊಳಗೆ ಉರ್ದು, ತೆಲುಗು, ಮರಾಠಿ, ಕನ್ನಡ ನಾಲ್ಕನ್ನೂ ತುರುಕಿರುತ್ತಿದ್ದರಲ್ಲ, ಅಂಥ ಒಂದು ಅಪರೂಪದ ಚೀಟಿಗಾಗಿ ದೇವದುರ್ಗದ ರುದ್ರಯ್ಯ ಎಂಬ ಸಂಗ್ರಾಹಕನ ಕೊಲೆಯಾಗುತ್ತದೆ. ಅವನು ಲಕೋಟೆಗೆ ಹಚ್ಚುವ ಸಾದಾ ಚೀಟಿಯ ಹಿಂದಿನ ಅಂಟಿಗೆ ಯಾರೋ ವಿಷ ಸವರಿದ್ದಾರೆ. ರುದ್ರಯ್ಯ ನಾಲಿಗೆಯಿಂದ ನೆಕ್ಕಿ ಲಕೋಟೆಗೆ ಅಂಟಿಸುತ್ತಾನೆ, ಅಲ್ಲೇ ಒರಗುತ್ತಾನೆ.

ರುದ್ರಯ್ಯ ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ. ಬಿಳಿ ಧೋತರ, ಹಣೆ ತುಂಬ ವಿಭೂತಿ, ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಚೀಟಿ ಹಿಡಿಯುವ ಚಿಮಟ. ಮಾವನನ್ನು ಎತ್ತಿ ಹಾಗೇ ಕಥೆಯೊಳಗೆ ಕೂರಿಸಿದ್ದಳು, ಚಿಮಟವನ್ನೂ ಬಿಡದೆ. ಮಾವನಿಗೂ ಇದರಿಂದ ಖುಷಿಯೇ ಆಗಿತ್ತು. ಸಾಲಿ ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ ಅವರ ಬಗ್ಗೆ ಯಾರೂ ಇಷ್ಟು ಮಾತಾಡಿರಲಿಲ್ಲ. ಹನ್ನೊಂದು ಕಂತಿನ ತನಕ ದೇವದುರ್ಗದ ಚಹಾದಂಗಡಿಯಲ್ಲಿ ಕೂತು ಪತ್ರಿಕೆ ಬಿಡಿಸಿ ತೋರಿಸಿದ್ದೇ ತೋರಿಸಿದ್ದು. ಸಾಯುವುದಕ್ಕೂ ಅವರದೇನೂ ಅಡ್ಡಿ ಇರಲಿಲ್ಲ. ಪತ್ತೇದಾರಿ ಕಥೆಯೆಂದ ಮೇಲೆ ಯಾರಾದರೂ ಸಾಯಲೇಬೇಕಲ್ಲ ಎಂದು ತಾವೇ ಹೇಳಿದ್ದರು. ಆದರೆ ನೆಕ್ಕಿ ಸಾಯುವುದೆಂದರೆ?

ಅವರ ಮನೆಯ ಕಟ್ಟುಪಾಡು ಗೊತ್ತಿದ್ದವರಿಗೆ ಈ ಸಿಟ್ಟು ಅರ್ಥವಾಗುತ್ತದೆ. ಹಳೆಯ ಲಕೋಟೆಯಿಂದ ಚೀಟಿ ಬಿಡಿಸಬೇಕೆಂದರೆ ನೀರಿನಲ್ಲಿ ನೆನೆಹಾಕಬೇಕು. ಆ ನೆನೆಹಾಕುವ ತಟ್ಟೆ ಇವತ್ತಿನ ತನಕ ಅಡುಗೆಮನೆಯ ಹೊಸ್ತಿಲು ದಾಟಿಲ್ಲ. ಯಾವ ಊರಿನವರ ಎಂಜಲು ಹತ್ತಿದೆಯೋ ಎಂದು ಅತ್ತೆ ಮಹಾಂತಮ್ಮ ಅದನ್ನು ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇಡಿಸಿದ್ದಾರೆ. ಮಾವ ಚೀಟಿ ಮುಟ್ಟಿದ ಕೈ ತೊಳೆಯದೆ ಲಿಂಗಪೂಜೆಗೆ ಕೂತವರಲ್ಲ. ಲಕೋಟೆ ಮುಚ್ಚಲು ಅಂಟಿನ ಬಾಟಲಿ, ಅದಕ್ಕೊಂದು ಬಿದಿರು ಕಡ್ಡಿ. ನಾಲಿಗೆಯ ಕೆಲಸ ಶಿವನಾಮಕ್ಕೆ ಮತ್ತು ಸೊಸೆಯಂದಿರನ್ನು ಬೈಯುವುದಕ್ಕೆ, ಅಷ್ಟೇ.

ವಿಷ ಬಾಯಿಯಿಂದ ಹೋದರೇ ಕೆಲಸ ಮಾಡುವುದು ಎಂದು ಶೈಲಜಾ ತನ್ನ ಔಷಧಿಶಾಸ್ತ್ರವನ್ನೆಲ್ಲ ಖರ್ಚು ಮಾಡಿ ವಿವರಿಸಿದಳು. ಮಾವ ಕೇಳಲಿಲ್ಲ. ಚಹಾದಲ್ಲಿ ಹಾಕಿದ್ದರಾಗುತ್ತಿರಲಿಲ್ಲವೇ ಎಂದರು. ರುದ್ರಯ್ಯನನ್ನು ಮುಂದಿನ ವಾರ ಬದುಕಿಸಿ ಬೇರೆ ಥರ ಸಾಯಿಸು ಎಂದೂ ಕೇಳಿದರು. ಹದಿಮೂರನೆಯ ಕಂತು ಆಗಲೇ ಅಚ್ಚಿಗೆ ಹೋಗಿದೆ, ಅದರಲ್ಲಿ ಕ್ರಿಯಾಸಮಾಧಿಯೂ ಮುಗಿದಿದೆ, ಮಠದ ಸ್ವಾಮಿಗಳು ಬಂದು ಹೋಗಿದ್ದಾರೆ, ಇನ್ನು ಎಬ್ಬಿಸಿ ಕೂರಿಸಲು ಆಗುವುದಿಲ್ಲ ಎಂದಳು ಶೈಲಜಾ. ಫೋನು ಕಟ್ಟಾಯಿತು.

ಹದಿಮೂರು ಬಂತು, ಇನ್ನೂ ಪಜೀತಿಯಾಯಿತು. ಆ ಕಂತಿನಲ್ಲಿ ಇನ್ಸ್‌ಪೆಕ್ಟರನ ಅನುಮಾನ ರುದ್ರಯ್ಯನ ಗೆಳೆಯ, ಮಾನ್ವಿಯ ಬಷೀರ್ ಸಾಹೇಬರ ಮೇಲೆ ಬೀಳುತ್ತದೆ. ಬಷೀರ್ ಸಾಹೇಬರು ಯಾರೆಂದೂ ಕೇಳಬೇಕಾಗಿಲ್ಲ. ಮಾನ್ವಿಯಲ್ಲಿ ಮುಷರ್ರಫ್ ಸಾಹೇಬರೆಂದು ಮಾವನ ಜೀವದ ಗೆಳೆಯರಿದ್ದರು, ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು. ವಯಸ್ಸಿದ್ದಾಗ ಇಬ್ಬರೂ ರಾಯಚೂರಿನ ರದ್ದಿ ಅಂಗಡಿಯೊಂದರಲ್ಲಿ ಹಳೆಯ ಕಾಗದದ ಒಂದೇ ಗಂಟಿಗೆ ಕೈ ಹಾಕಿ, ಬಾಯಿಗೆ ಬಂದಂತೆ ಜಗಳಾಡಿ, ಕೊನೆಗೆ ಗಂಟು ಬಿಚ್ಚಿ ಚೀಟಿ ಹಂಚಿಕೊಂಡು ಒಂದೇ ಬಸ್ಸಿನಲ್ಲಿ ಊರಿಗೆ ಹೊರಟವರು. ಅಂದಿನಿಂದ ಗುರುವಾರ ಬಂತೆಂದರೆ ಒಂದು ಲಕೋಟೆ ದೇವದುರ್ಗದಿಂದ ಮಾನ್ವಿಗೆ, ಮುಂದಿನ ಗುರುವಾರ ಒಂದು ಮಾನ್ವಿಯಿಂದ ದೇವದುರ್ಗಕ್ಕೆ. ಅಂಚೆಯ ಮೇಲೆ ಇಬ್ಬರಿಗೂ ಭರವಸೆ ಇಲ್ಲ. ಅಂಚೆಚೀಟಿಯ ಹುಚ್ಚು ಹಿಡಿದವರೇ ಅಂಚೆ ನಂಬದಿದ್ದರೆ ಹೇಗೆ ಎಂದು ಶೈಲಜಾ ಎಷ್ಟೋ ಸಲ ಕಾಡಿಸಿದ್ದಳು. ಲಕೋಟೆ ಹೋಗುವುದು ಬಸ್ಸಿನ ಡ್ರೈವರ್ ಬೂದೆಪ್ಪನ ಕೈಯಲ್ಲೇ.

ಪತ್ರಿಕೆಯ ಸಂಪಾದಕ ಅಂಬರೇಶನಿಗೆ ಮಾತ್ರ ಹಬ್ಬ. ಪೇಪರು ಬಿಸಿ ಮಿರ್ಚಿಯ ಹಾಗೆ ಖರ್ಚಾಗುತ್ತಿದೆ, ಗೆಳೆಯನನ್ನೇ ಕೊಲೆಗಾರ ಮಾಡಿ ಮುಗಿಸಿಬಿಡಿ ಎಂದು ಗಂಟು ಬಿದ್ದಿದ್ದ. ಶೈಲಜಾ ಮೊದಲಿಂದ ಯೋಚಿಸಿದ್ದೂ ಅದೇ. ಅಕ್ಕಿ ಗಿರಣಿಯ ಹಂಪಣ್ಣ ಗುಳಿಗೆ ಒಯ್ಯಲು ಬಂದಾಗ ಬೇರೆಯದೇ ರಾಗ ಎಳೆದ. ಚೋಟುದ್ದ ಕಾಗದಕ್ಕೆ ಯಾವ ಹುಚ್ಚ ಕೊಲೆ ಮಾಡುತ್ತಾನೆ, ಹೊಲದ ಬದುವಿಗೆ ಮಾಡಿಸು, ಜನ ನಂಬುತ್ತಾರೆ ಎಂದ. ಅವಳು ಗುಳಿಗೆಯ ಜೊತೆ ಒಂದು ನಗೆಯನ್ನೂ ಕಟ್ಟಿ ಕೊಟ್ಟು ಸಾಗಹಾಕಿದಳು. ಎಲ್ಲರಿಗೂ ಕೊಲೆ ಮಾಡುವುದು ಅವಳಿಗಿಂತ ಚೆನ್ನಾಗಿ ಗೊತ್ತಿತ್ತು.

ಅಷ್ಟರಲ್ಲಿ ಅತ್ತೆಯ ಫೋನು ಬಂತು. ಅತ್ತೆ ಬೈಯಲಿಲ್ಲ, ಅದಕ್ಕೇ ಶೈಲಜಾ ಹೆದರಿದಳು. ಗುರುವಾರದ ಲಕೋಟೆಯಲ್ಲಿ ಮುಷರ್ರಫ್ ಸಾಹೇಬರು ಬೀದರ ಮದರಸಾದ ಚಿತ್ರವಿರುವ ಜೋಡಿ ಚೀಟಿ ಕಳಿಸಿದ್ದರು. ನಡುವೆ ಹರಿಯದೆ ಒಂದಕ್ಕೊಂದು ಕೂಡಿಕೊಂಡೇ ಇರುವ ಜೋಡಿ ಅದು. ಸಾಹೇಬರ ಮಗನ ಮದುವೆಯಲ್ಲಿ ಮಾವನೇ ಅವರಿಗೆ ಉಡುಗೊರೆ ಕೊಟ್ಟದ್ದು. ಗಂಡಹೆಂಡಿರು ಹೀಗೆ ಇರಲಿ ಎಂದು ಹೇಳಿ ಕೊಟ್ಟದ್ದು. ಅದನ್ನು ತಿರುಗಿ ಕಳಿಸಿದ್ದಾರೆ. ಜೊತೆಗೆ ಒಂದು ಮಾತಿಲ್ಲ.

ಕೊಟ್ಟ ಉಡುಗೊರೆಯನ್ನು ತಿರುಗಿ ಕಳಿಸಿದರೆ ಈ ಕಡೆ ಅದಕ್ಕೆ ಒಂದೇ ಅರ್ಥ, ನಿನ್ನ ನನ್ನ ಋಣ ಹರಿಯಿತು.

"ಮಾಮಾ ಆಲ್ಬಮ್ ಮುಚ್ಚಿ ಅಟ್ಟದ ಮ್ಯಾಲ ಇಟ್ಟಾರ ಯವ್ವಾ. ಗುರುವಾರ ಬಂದ್ರ ಬಸ್‌ ಸ್ಟ್ಯಾಂಡಿಗೂ ಹೋಗಂಗಿಲ್ಲ ಅಂತಾರ," ಎಂದರು ಅತ್ತೆ. "ನಿನ್ನ ಕಥಿಯಿಂದ ಕೆಟ್ಟದ್ದು. ನೀನ ಸರಿ ಮಾಡು."

ಶೈಲಜಾ ಗಂಡ ಶಿವರಾಜನನ್ನು ಅಂಗಡಿಯಲ್ಲಿ ಕೂರಿಸಿ ಮಾನ್ವಿಯ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು. ಆ ಇಬ್ಬರು ಮುದುಕರ ಸ್ನೇಹ ಅವಳು ಹುಟ್ಟುವುದಕ್ಕಿಂತ ಮೊದಲಿನದು. ಅದನ್ನು ವಾರಕ್ಕೆರಡು ಪುಟ ತುಂಬಿಸುವ ಚಟಕ್ಕೆ ತಾನು ಹಾಳು ಮಾಡಿದೆನೆಂಬ ಮಾತು ಜೀವಮಾನವಿಡೀ ಉಳಿಯುವಂಥದ್ದು.

ಮುಷರ್ರಫ್ ಸಾಹೇಬರು ಪಡಸಾಲೆಯ ಕಿಟಕಿಯ ಪಕ್ಕ ಕೂತಿದ್ದರು. ಬಾಗಿಲಲ್ಲಿ ಬಿಸಿಲಿಗೆ ಎದುರಾಗಿ ನಿಂತ ಶೈಲಜಾಳತ್ತ ಮುಖ ಎತ್ತಿ ಯಾರು ಬಂದಿದ್ದಾರೆ ಎಂದು ಕೇಳಿದರು. ಇಷ್ಟು ಕೋಪವೇ ಎಂದುಕೊಂಡಳು ಅವಳು. ಅವಳು ಮಾತಾಡಿದ ಕೂಡಲೇ ಮಾತ್ರ ಸಾಹೇಬರ ಮುಖ ಅರಳಿತು. ಬಾ ಬೇಟಿ ಎಂದರು, ಸೊಸೆಗೆ ಚಹಾ ಮಾಡಲು ಕೂಗಿ ಹೇಳಿದರು, ದೇವದುರ್ಗದ ಅಯ್ಯನವರು ಹೇಗಿದ್ದಾರೆ ಎಂದು ಕೇಳಿದರು. ಋಣ ಹರಿದುಕೊಂಡವರ ಮಾತಿನ ಹಾಗೆ ಅದು ಇರಲಿಲ್ಲ.

ಅವಳು ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಕ್ಷಮಾಪಣೆಯನ್ನು ಬಿಚ್ಚತೊಡಗಿದಳು. ಸಾಹೇಬರು ಕೈಯೆತ್ತಿ ತಡೆದರು. ಪ್ರತಿ ವಾರ ಓದುತ್ತೇನೆ, ಬಹಳ ಚೆಂದ ಬರೆಯುತ್ತೀ, ಅದರಲ್ಲೂ ಜೊತೆಗೆ ಹಾಕುವ ಚಿತ್ರ ಬಹಳ ಚೆಂದ ಎಂದರು. 'ಹೊಳೆಸಾಲು' ಪತ್ರಿಕೆಗೆ ಚಿತ್ರ ಹಾಕಿಸುವಷ್ಟು ತಾಕತ್ತು ಹುಟ್ಟಿದಾಗಿನಿಂದ ಬಂದಿಲ್ಲ. ಬಷೀರನ ಪಾತ್ರ ಹೇಗನ್ನಿಸಿತು ಎಂದು ಅವಳು ನಾಲಿಗೆ ಕಚ್ಚಿಕೊಳ್ಳುತ್ತ ಕೇಳಿದಳು. ಬಹಳ ಒಳ್ಳೆ ಮನುಷ್ಯ ಎಂದರು ಸಾಹೇಬರು.

ಶೈಲಜಾಗೆ ರೇಗಿತು. ಓದದೆ ಓದಿದೆನೆನ್ನುವವರನ್ನು ಅವಳು ರಾಯಚೂರಿನಲ್ಲೇ ಬೇಕಾದಷ್ಟು ಕಂಡಿದ್ದಳು, ಅದಕ್ಕಾಗಿ ಮಾನ್ವಿಗೆ ಬರಬೇಕಿರಲಿಲ್ಲ. ಕೂರಲು ಕುರ್ಚಿ ಎಳೆದರೆ ಅದರ ಮೇಲೆ ಪತ್ರಿಕೆಯ ಕಟ್ಟು. ಒಂದಕ್ಕೂ ಮೇಲಿನ ಕಾಗದದ ಪಟ್ಟಿ ಹರಿದಿರಲಿಲ್ಲ. ಇಷ್ಟು ದಿನ ಎದೆಯೊಳಗೆ ಹೊತ್ತು ತಿರುಗಿದ ಪಾಪವನ್ನು ಈ ಮನುಷ್ಯ ಬಿಚ್ಚಿಯೂ ನೋಡಿಲ್ಲ.

"ಹೋದ ಗುರುವಾರದ ಚಾರ್‌ಮಿನಾರ್ ಜೋಡಿ ಮುಟ್ಟೇತೇನು ಅಯ್ಯನೋರಿಗೆ?" ಎಂದರು ಸಾಹೇಬರು. "ಭಾಳ ದಿನದಿಂದ ಕೇಳಾಕತ್ತಿದ್ರು ಅದನ್ನ."

ಕಳಿಸಿದ್ದು ಬೀದರ ಮದರಸಾ, ಚಾರ್‌ಮಿನಾರ್ ಅಲ್ಲ ಎಂದು ಹೇಳಲು ಶೈಲಜಾ ಬಾಯಿ ತೆರೆದಳು, ಮುಚ್ಚಿದಳು. ಅವಳ ಕಣ್ಣು ಕಿಟಕಿಯ ಕಟ್ಟೆಯ ಮೇಲೆ ನಿಂತಿತ್ತು. ಅಲ್ಲಿ ಸಣ್ಣ ಸಣ್ಣ ಬಾಟಲಿಗಳ ಸಾಲು. ಆ ಕಣ್ಣಿನ ಹನಿಯನ್ನು ಅವಳು ದಿನಾ ತನ್ನ ಕೌಂಟರಿನಲ್ಲಿ ಮಾರುತ್ತಾಳೆ, ಯಾರಿಗೆ ಬೇಕಾಗುತ್ತದೆ, ಯಾವ ಹಂತದಲ್ಲಿ ಬೇಕಾಗುತ್ತದೆ ಎಲ್ಲ ಗೊತ್ತು. ಸೊಸೆ ಚಹಾ ತಂದು ಸಾಹೇಬರ ಕೈ ಹಿಡಿದು ಬಟ್ಟಲಿಗೆ ಮುಟ್ಟಿಸಿ ಹೋದಳು. ಹದಿಮೂರು ಕಂತು ಪತ್ತೇದಾರಿಕೆ ಮಾಡಿದವಳಿಗೆ ಬಾಗಿಲಲ್ಲೇ ತಿಳಿಯಬೇಕಿದ್ದ ಸಂಗತಿ ಚಹಾ ಆರುವ ಹೊತ್ತಿಗೆ ತಿಳಿಯಿತು. ತನ್ನ ಮೇಲೆ ಅವಳಿಗೆ ಇಷ್ಟು ಸಿಟ್ಟು ಎಂದೂ ಬಂದಿರಲಿಲ್ಲ.

ಸಾಹೇಬರಿಗೂ ಅವಳ ಮೌನದಿಂದ ತಿಳಿಯಿತು. ಮೋತಿಬಿಂದು ಎಂಬ ಪೊರೆಯಾಗಿದ್ದರೆ ತೆಗೆಸಬಹುದಿತ್ತು, ಇದು ಕಣ್ಣಿನ ನರದ್ದು, ಹೋದದ್ದು ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ ಎಂದರು. ಆಲ್ಬಮಿನಲ್ಲಿ ಯಾವುದು ಎಲ್ಲಿದೆ ಎಂದು ಬಾಯಿಪಾಠ, ಬೆರಳಿಂದ ಅಂಚು ಸವರಿ ತೆಗೆಯುತ್ತೇನೆ, ಮನೆಯವರಿಗೆ ಮುಟ್ಟಲು ಬಿಡುವುದಿಲ್ಲ ಎಂದರು. ಚಾರ್‌ಮಿನಾರೂ ಜೋಡಿ, ಮದರಸಾವೂ ಜೋಡಿ. ಬೆರಳಿಗೆ ಎರಡೂ ಒಂದೇ.

"ಅಯ್ಯನೋರಿಗೆ ಮಾತ್ರ ಹೇಳಬ್ಯಾಡ ಬೇಟಿ. ಕಣ್ಣಿಲ್ಲದವಗ ಸ್ಟಾಂಪ್ ಯಾಕಂತ ಕಳ್ಸೋದು ಬಿಟ್ರ, ಗುರುವಾರ ನಾ ಏನ್ ಮಾಡ್ಲಿ?"

ಹೇಳುವುದಿಲ್ಲವೆಂದು ಮಾತು ಕೊಟ್ಟಳು. ತಪ್ಪು ಚೀಟಿ ಹೋದದ್ದನ್ನು ಹೇಳಲೂ ಮನಸ್ಸಾಗಲಿಲ್ಲ.

ಸಿರವಾರದ ಮೇಲೆ ಹಾದು ಹೋಗುವ ದೇವದುರ್ಗದ ಬಸ್ಸಿನಲ್ಲಿ ಕೂತು ಅವಳು ಹಣೆ ಚಚ್ಚಿಕೊಂಡಳು. ಒಬ್ಬರು ಮುನಿಸಿಕೊಂಡಿದ್ದಾರೆ, ಇನ್ನೊಬ್ಬರಿಗೆ ಮುನಿಸಿನ ಗಾಳಿಯೂ ಸೋಕಿಲ್ಲ. ನಿಜ ಹೇಳಿದರೆ ಅವರಿಗೆ ಮಾತು ತಪ್ಪಿದಂತೆ, ಹೇಳದಿದ್ದರೆ ಇವರ ಲಕೋಟೆ ಇನ್ನೆಂದೂ ಹೊರಡುವುದಿಲ್ಲ. ಕಿಟಕಿಯಾಚೆ ಕಾಲುವೆಯ ನೀರು, ಭತ್ತದ ಗದ್ದೆ, ಹತ್ತಿ ಹೊಲ ಹಿಂದೆ ಸರಿಯುತ್ತಿದ್ದವು. ಪಕ್ಕದಲ್ಲಿ ಕೂತ ಹೆಂಗಸು ತಲೆ ನೋಯಾಕತ್ತೇತೇನು ಎಂದು ಕೇಳಿ ಅಮೃತಾಂಜನದ ಡಬ್ಬಿ ಚಾಚಿದಳು. ಔಷಧಿ ಅಂಗಡಿಯವಳು ಮಾತಿಲ್ಲದೆ ತೆಗೆದುಕೊಂಡು ಹಚ್ಚಿಕೊಂಡಳು.

ಮಾವ ಜೋಳಿಗೆ ಕುರ್ಚಿಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದರು. ಮಾನ್ವಿಯಿಂದಲೇ ಬಂದೆ, ಸಾಹೇಬರಿಗೆ ಸಿಟ್ಟಿಲ್ಲ, ಕೈತಪ್ಪಿ ಬೇರೆ ಚೀಟಿ ಬಂದಿದೆ ಎಂದು ಶೈಲಜಾ ಹೇಳಿ ನೋಡಿದಳು. ಮುಷರ್ರಫ್ ಸಾಹೇಬರ ಕೈ ಚೀಟಿಯ ವಿಷಯದಲ್ಲಿ ತಪ್ಪುವುದಿಲ್ಲ, ಹಾಗೆಂದು ಹೇಳಿ ಅವರ ಮರ್ಯಾದೆ ಕಳೆಯಬೇಡ ಎಂದು ಮಾವ ಅವಳಿಗೇ ಗದರಿದರು. ಮುನಿಸಿಕೊಂಡವರ ಪರವಾಗಿಯೇ ವಾದ! ಮೇಲಾಗಿ ಇತ್ತೀಚೆಗೆ ಬರುವ ಚೀಟಿಗಳನ್ನೂ ಹಾಳೆಗೆ ಸೊಟ್ಟ ಸಿಕ್ಕಿಸಿರುತ್ತಾರೆ, ಒಮ್ಮೆಯಂತೂ ತಲೆಕೆಳಗಾಗಿತ್ತು, ನಿನ್ನ ಕಥೆ ಶುರುವಾದಾಗಿನಿಂದ ಅವರಿಗೆ ನನ್ನ ಮೇಲೆ ಗೌರವ ಹೋಗಿದೆ ಎಂದರು. ಅಲ್ಲಿಂದ ಮಾತು ಹೊರಳಿ ಮತ್ತೆ ನೆಕ್ಕುವ ವಿಷಯಕ್ಕೇ ಬಂತು.

"ನಾ ನೆಕ್ಕಂಗಿಲ್ಲ ಅಂತ ಆ ಮನಷ್ಯಾಗ ಗೊತ್ತದ. ಅವ್ರು ನನ್ನ ಕೊಲ್ಲಬೇಕಂದ್ರ ಅಂಟಿಗೆ ವಿಷ ಹಚ್ಚತಾರೇನು? ಅಷ್ಟರ ವಿಚಾರ ಮಾಡಬಾರದ?"

ಶೈಲಜಾಳ ತಾಳ್ಮೆ ಅಲ್ಲಿಗೆ ಮುಗಿಯಿತು. ಇದೆಲ್ಲ ತನ್ನದೇ ಕಿತಾಪತಿ ಎಂದುಬಿಟ್ಟಳು. ಹೋದ ವಾರ ತಾನು ಮಾನ್ವಿಗೆ ಹೋಗಿದ್ದೆ, ಸಾಹೇಬರು ಚಾರ್‌ಮಿನಾರ್ ಇಟ್ಟು ಮುಚ್ಚಿದ್ದ ಲಕೋಟೆ ಬಿಚ್ಚಿ, ಆಲ್ಬಮಿನಿಂದ ಮದರಸಾ ಜೋಡಿ ಕದ್ದು ಅದರಲ್ಲಿಟ್ಟೆ, ಉಡುಗೊರೆ ತಿರುಗಿ ಬಂದರೆ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆಂದು ಕಥೆಗೆ ಬೇಕಿತ್ತು ಎಂದಳು. ಬೇಕಾದರೆ ಬೈಯಿರಿ, ಮನೆಗೆ ಬರಬೇಡವೆನ್ನಿ, ಸಾಹೇಬರನ್ನು ಮಾತ್ರ ಬಿಟ್ಟುಬಿಡಿ ಎಂದಳು. ಬಾಗಿಲಲ್ಲಿದ್ದ ಅತ್ತೆ ಸೆರಗು ಬಾಯಿಗಿಟ್ಟುಕೊಂಡರು.

ಮಾವ ಬೈಯಲಿಲ್ಲ. ಕುರ್ಚಿಯಲ್ಲಿ ತಿರುಗಿ ಅವಳನ್ನು ದಿಟ್ಟಿಸಿದರು, ತಪ್ಪು ಲೆಕ್ಕ ಬರೆದ ಹುಡುಗಿಯನ್ನು ಮಾಸ್ತರು ನೋಡುವ ಹಾಗೆ. ಜೋಡಿ ಆಲ್ಬಮಿನ ಯಾವ ಬಣ್ಣದ ಹಾಳೆಯ ಮೇಲಿತ್ತು ಎಂದು ಕೇಳಿದರು. ಕಪ್ಪು ಹಾಳೆ ಎಂದು ಅವಳು ಅಂದಾಜಿನ ಮೇಲೆ ಹೇಳಿದಳು. ಜೋಡಿ ಚೀಟಿಗಳನ್ನು ಸಾಹೇಬರು ಆಲ್ಬಮಿನಲ್ಲಿ ಇಡುವುದೇ ಇಲ್ಲ, ಎಲ್ಲವನ್ನೂ ಅತ್ತರಿನ ಡಬ್ಬಿಯಲ್ಲಿ ಬೇರೆ ಇಡುತ್ತಾರೆ, ತಿರುಗಿ ಬಂದಾಗಲೂ ಅತ್ತರಿನ ವಾಸನೆ ಹೊಡೆಯುತ್ತಿತ್ತು ಎಂದರು ಮಾವ. ಆಮೇಲೆ ಕುರ್ಚಿಯನ್ನು ಅವಳ ಹತ್ತಿರ ಎಳೆದುಕೊಂಡರು.

"ಇವತ್ತ ನೀ ಹೋದಾಗ ಸಾಹೇಬ್ರು ನಿನ್ನ ನೋಡಿ ಗುರ್ತು ಹಿಡಿದ್ರೋ, ನೀ ಮಾತಾಡಿದ ಮ್ಯಾಲ ಹಿಡಿದ್ರೋ?"

ಹೇಳುವುದಿಲ್ಲವೆಂದು ಮಾತು ಕೊಟ್ಟಾಗಿತ್ತು. ಶೈಲಜಾ ನೆಲ ನೋಡಿದಳು. ಅವಳು ಒಂದು ಅಕ್ಷರವನ್ನೂ ಹೇಳಲಿಲ್ಲ, ಅದನ್ನು ಅವಳು ಯಾವ ದೇವರ ಮುಂದೆ ಬೇಕಾದರೂ ಹೇಳಬಲ್ಲಳು. ಮಾವ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು, ಬಹಳ ಹೊತ್ತು ಒರೆಸಿದರು.

"ನಿನಗ ಸುಳ್ಳು ಹೇಳಾಕ ಬರಂಗಿಲ್ಲ ನೋಡು," ಎಂದರು ಕೊನೆಗೆ.

ಅಷ್ಟೇ. ಎದ್ದು ಸ್ಟೂಲು ಎಳೆದು ಅಟ್ಟಕ್ಕೆ ಕೈ ಹಾಕಿದರು. ಅತ್ತೆ ಬೀಳುತ್ತೀರೆಂದು ಕೂಗಿಕೊಂಡರೂ ಕೇಳದೆ ಆಲ್ಬಮ್ ಇಳಿಸಿದರು. ಸಾಹೇಬರ ಚಾರ್‌ಮಿನಾರ್ ಬಂದು ಮುಟ್ಟಿದೆ, ಬಹಳ ಚೊಕ್ಕ ಮಾಲು, ಅದಕ್ಕೆ ತಕ್ಕದ್ದು ಕಳಿಸಬೇಕು ಎಂದು ಹೆಂಡತಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದರು. ಅವರ ಹತ್ತಿರ ಬೀದರ ಮದರಸಾದ ಜೋಡಿ ಇಲ್ಲ ನೋಡು, ಅದನ್ನೇ ಕಳಿಸುತ್ತೇನೆ ಎಂದರು. ಅದೇ ಜೋಡಿಯನ್ನು ಚಿಮಟದಿಂದ ಎತ್ತಿ ಲಕೋಟೆಯೊಳಗೆ ಇಳಿಸಿದರು. ಅತ್ತೆ ತಲೆಬುಡ ತಿಳಿಯದೆ ಶೈಲಜಾಳ ಮುಖ ನೋಡಿದರು. ಶೈಲಜಾ ಅಟ್ಟದ ಕೆಳಗಿನ ಸ್ಟೂಲನ್ನು ಎತ್ತಿ ಗೋಡೆಗಿಟ್ಟಳು. ಇನ್ನು ಮೇಲೆ ಆ ಜೋಡಿ ಮಾನ್ವಿಗೂ ದೇವದುರ್ಗಕ್ಕೂ ಹೋಗುತ್ತ ಬರುತ್ತ ಇರುತ್ತದೆ, ಇಬ್ಬರಲ್ಲಿ ಒಬ್ಬರೂ ಬಾಯಿಬಿಡುವುದಿಲ್ಲ.

ಅವತ್ತು ಗುರುವಾರವೇ. ಮಾವ ಸ್ಟ್ಯಾಂಡಿಗೆ ಬರದಿದ್ದಕ್ಕೆ ಬೂದೆಪ್ಪ ಬಸ್ಸನ್ನು ಓಣಿಯ ಬಾಯಿಗೇ ತಂದು ನಿಲ್ಲಿಸಿ ಹಾರ್ನು ಹೊಡೆಯತೊಡಗಿದ. ಮಾವ ಅಂಟಿನ ಬಾಟಲಿ ತೆರೆದರು. ಎರಡು ವಾರ ಯಾರೂ ಮುಚ್ಚಳ ಬಿಗಿಸದೆ ಅದು ಕಲ್ಲಾಗಿತ್ತು, ಬಿದಿರು ಕಡ್ಡಿ ಅದರೊಳಗೇ ನಿಂತುಬಿಟ್ಟಿತ್ತು. ಅಂಟಿನ ಬದಲಿಗೆ ಗಂಜಿ ತರಲು ಅತ್ತೆ ಒಳಗೆ ಓಡಿದರು. ಬೂದೆಪ್ಪ ಇನ್ನೊಮ್ಮೆ ಹಾರ್ನು ಹೊಡೆದ, ಇಂಜಿನ್ನಿನ ಸದ್ದೂ ಏರಿತು.

ಮಾವ ಲಕೋಟೆ ನೋಡಿದರು, ಬಾಗಿಲು ನೋಡಿದರು. ಆಮೇಲೆ ಲಕೋಟೆಯ ಅಂಟಿನ ಅಂಚನ್ನು ಬಾಯಿಗೆ ತಂದು, ಈ ತುದಿಯಿಂದ ಆ ತುದಿಯ ತನಕ ನಾಲಿಗೆ ಎಳೆದು, ಒತ್ತಿ ಮುಚ್ಚಿ, ಬರಿಗಾಲಲ್ಲಿ ಓಣಿಗೆ ಓಡಿದರು.

ಗಂಜಿಯ ಬಟ್ಟಲು ಹಿಡಿದು ಬಂದ ಅತ್ತೆ ಹೊಸ್ತಿಲಲ್ಲೇ ನಿಂತಿದ್ದರು, ಪೂರ್ತಿ ನೋಡಿದ್ದರು. ಒಳಗೆ ಹೋಗಿ ಬಾಯಿ ಮುಕ್ಕಳಿಸಲು ಒಂದು ಚೊಂಬು ನೀರು ತಂದು ಕಟ್ಟೆಯ ಮೇಲಿಟ್ಟರು. ಮಾವ ತಿರುಗಿ ಬಂದವರು ಚೊಂಬಿನ ಕಡೆ ನೋಡಲೂ ಇಲ್ಲ. ಮುಖ ಕೆಂಪಾಗಿತ್ತು.

"ಇದನ್ನ ಪೇಪರದಾಗ ಹಾಕಬ್ಯಾಡ," ಎಂದರು ಶೈಲಜಾಗೆ.

ರಾಯಚೂರಿನ ಬಸ್ಸಿನಲ್ಲಿ ಕೂತ ಕೂಡಲೇ ಅಂಬರೇಶನ ಫೋನು ಬಂತು, ಕೊನೆಯ ಕಂತು ಎಲ್ಲಿ ಎಂದು. ಮಾನ್ವಿಯ ಗೆಳೆಯ ಕೊಲೆಗಾರನಲ್ಲ ಎಂದಳು ಅವಳು. ರುದ್ರಯ್ಯ ನೆಕ್ಕುವವನಲ್ಲ ಎಂದು ಅವನಿಗೆ ಗೊತ್ತು, ಗೊತ್ತಿಲ್ಲದ ಯಾರೋ ಹೊರಗಿನ ವ್ಯಾಪಾರಿ ಮಾಡಿದ್ದು. ಅಂಬರೇಶ ಬಿಡಲಿಲ್ಲ. ನೆಕ್ಕುವವನಲ್ಲ ಅಂದ ಮೇಲೆ ನೆಕ್ಕಿ ಸತ್ತದ್ದು ಹೇಗೆ, ಓದುಗರು ಕೇಳುವುದಿಲ್ಲವೇ ಎಂದ.

ಕೇಳಿದ್ದು ಸರಿಯೇ. ಉತ್ತರವೂ ಅವಳಿಗೆ ಗೊತ್ತಿತ್ತು, ಎಂಜಲು ಇನ್ನೂ ಆರದ ಆ ಲಕೋಟೆಯನ್ನು ಬೂದೆಪ್ಪ ಅಂಗಿಯ ಜೇಬಿನಲ್ಲಿಟ್ಟುಕೊಂಡು ಅಷ್ಟು ಹೊತ್ತಿಗೆ ಸಿರವಾರ ಮುಟ್ಟಿದ್ದ. ಹನ್ನೆರಡನೆಯ ಕಂತಿನಿಂದ ಪ್ರಾಣ ತಿಂದ ಆ ಒಂದು ಸಂಗತಿಗೆ ಕೊನೆಗೂ ಕಾರಣ ಸಿಕ್ಕಿತ್ತು, ಆದರೆ ಅದನ್ನು ಬರೆಯುವ ಹಾಗಿರಲಿಲ್ಲ.

"ನೆಕ್ಕಿದ ರೀ ಅಂಬರೇಶ. ನೆಕ್ಕಿದ ಅಂದ್ರ ನೆಕ್ಕಿದ," ಎಂದು ಶೈಲಜಾ ಫೋನು ಇಟ್ಟಳು.